ಹವ್ಯಾಸಿ ಮೀನುಬೇಟೆಯ ನಿಗಾ, ಕರ್ನಾಟಕದಲ್ಲಿ

ಹೊಟ್ಟೆಪಾಡಿಗಲ್ಲದೆ ಖುಷಿಗೆ ಗಾಳ ಹಾಕುವವರು ನಿಯಮ ಪಾಲಿಸುತ್ತಾರೆಯೇ, ಎಷ್ಟು ಹಿಡಿಯುತ್ತಾರೆ ಎಂದು ಗಮನವಿಡುವ ವ್ಯವಸ್ಥೆ. ಕರ್ನಾಟಕದ ಮಟ್ಟಿಗೆ ಇದು ಬಹುಪಾಲು ಕಾವೇರಿಯ ಮಹಶೀರ್ ಮೀನಿನ ಕಥೆ.  

1897ರ ಭಾರತೀಯ ಮೀನುಗಾರಿಕೆ ಕಾಯ್ದೆ ತೋಟೆ ಸಿಡಿಸುವುದನ್ನೂ ನೀರಿಗೆ ವಿಷ ಬೆರೆಸುವುದನ್ನೂ ಅಪರಾಧವೆಂದಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಪ್ರಾಣಿ ಹಾಗೂ ಮೀನು ಸಂರಕ್ಷಣೆಗೆ ತನ್ನದೇ ಶಾಸನ ತಂದಿತು. ಆ ಕಾಲದ ಗಾಳಗಾರರು ಹೆಮ್ಮೆಯಿಂದ ಬರೆದಿಟ್ಟದ್ದು ದೊಡ್ಡ ಮೀನಿನ ತೂಕವನ್ನು: 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡಿನದು.

1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ಶಿಬಿರಗಳು ಬಂದವು. ಹಿಡಿದ ಮೀನನ್ನು ತೂಗಿ ಜೀವಂತವಾಗಿ ನೀರಿಗೆ ಬಿಡಬೇಕೆಂಬುದು ಅಲ್ಲಿನ ನಿಯಮವಾಗಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಊರಿನವರಲ್ಲೇ ಕೆಲವರು ಕಾವಲುಗಾರರಾದರು, ಹರಿಗೋಲು ನಡೆಸಿದರು, ಗಾಳಕ್ಕೆ ಬೇಯಿಸಿದ ರಾಗಿಹಿಟ್ಟಿನ ಉಂಡೆ ಕಟ್ಟಿಕೊಟ್ಟರು. ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು ಈ ಕೆಲಸಗಳ ಸಂಬಳವೇ ಎನ್ನಬೇಕು.

ಗಾಳಿಬೋರೆ ಶಿಬಿರದ ಲೆಕ್ಕದ ಪುಸ್ತಕದಲ್ಲಿ ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕವು, ಪ್ರತಿಯೊಂದರ ತೂಕವೆಷ್ಟು ಎಂಬುದೆಲ್ಲ ದಾಖಲಾಗುತ್ತಿತ್ತು. 1998ರಿಂದ 2012ರವರೆಗಿನ ಈ ಲೆಕ್ಕವನ್ನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಪರಿಶೀಲಿಸಿದರು: 23,620 ಗಂಟೆ, 6,161 ಮಹಶೀರ್. ಸಿಗುವ ಮೀನಿನ ಸಂಖ್ಯೆ ವರ್ಷ ಕಳೆದಂತೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಸಂಖ್ಯೆಯೊಂದನ್ನೇ ನೋಡಿದವರಿಗೆ ನದಿ ತುಂಬಿದಂತೆ ಕಾಣುತ್ತಿತ್ತು. ಆದರೆ ಹೆಚ್ಚಿದ್ದು ಮರಿಕೇಂದ್ರಗಳಲ್ಲಿ ಬೆಳೆಸಿ ನದಿಗೆ ಬಿಟ್ಟ ನೀಲಿರೆಕ್ಕೆಯ ಮಹಶೀರ್. ಕಾವೇರಿಗೇ ಸೀಮಿತವಾದ, ದೈತ್ಯ ಗಾತ್ರಕ್ಕೆ ಬೆಳೆಯುವ ಗೂನುಬೆನ್ನಿನದು ಅಪರೂಪವಾಗುತ್ತ ಹೋಗಿತ್ತು. ಅದು ಟಾರ್ ರೇಮಾದೇವಿ ಎಂಬ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು.

ಅಷ್ಟರಲ್ಲಿ ಪುಸ್ತಕವೇ ಮುಚ್ಚಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಪ್ರಾಣಿ’ ವ್ಯಾಖ್ಯೆಯಲ್ಲಿ ಮೊದಲು ಮೀನು ಇರಲಿಲ್ಲ. 2002ರ ತಿದ್ದುಪಡಿ ಸೇರಿಸಿತು. ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಸೆರೆಹಿಡಿಯುವುದೂ ಬೇಟೆಯೇ ಆದ್ದರಿಂದ, ಹಿಡಿದು ಬಿಡುವುದಕ್ಕೂ ಕಾವೇರಿ ವನ್ಯಧಾಮದೊಳಗೆ 2012ರ ಹೊತ್ತಿಗೆ ತಡೆ ಬಿತ್ತು. ಗಾಳದ ಜೊತೆ ಗಾಳಗಾರರ ಹಣದಿಂದ ನಡೆಯುತ್ತಿದ್ದ ಕಾವಲೂ ಲೆಕ್ಕವೂ ನಿಂತವು. ವನ್ಯಧಾಮದ ಹೊರಗೆ, ಕೊಡಗಿನ ವಾಲ್ನೂರಿನಲ್ಲಿ, ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಪರವಾನಗಿ ಕೊಟ್ಟು ಹಿಡಿದು ಬಿಡುವ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ.