ಹುಡುಗಿಯರ ಮೆದುಳಿಗೆ ಕೋಡಿಂಗ್ ಒಗ್ಗುವುದಿಲ್ಲವೇ? ವಾಸ್ತವ ಇಲ್ಲಿದೆ

“ಕಂಪ್ಯೂಟರ್ ಕ್ಷೇತ್ರದಲ್ಲಿ ಹೆಂಗಸರು ಕಡಿಮೆ. ಏಕೆಂದರೆ ಅವರ ಮೆದುಳು ಲಾಜಿಕ್‌ಗೆ ಹೇಳಿ ಮಾಡಿಸಿದ್ದಲ್ಲ.” ಈ ಅರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಮೊದಲ ಮಾತು ಹಲವು ದೇಶಗಳಲ್ಲಿ ನಿಜ. ಎರಡನೆಯದಕ್ಕೆ ಆಧಾರವಿಲ್ಲ.

ಮೊದಲು ಹೇಗಿತ್ತು?

1946ರಲ್ಲಿ ಅಮೆರಿಕ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರಿನ ಮೊದಲ ಪ್ರೋಗ್ರಾಮರ್‌ಗಳು ಆರು ಮಂದಿ ಮಹಿಳೆಯರು. ಆಗ ಯಂತ್ರ ಕಟ್ಟುವುದು ಗಂಡಸರ ದೊಡ್ಡ ಕೆಲಸ, ಪ್ರೋಗ್ರಾಂ ಬರೆಯುವುದು ಗುಮಾಸ್ತಿಕೆ ಎಂಬ ಭಾವನೆಯಿತ್ತು.

1980ರ ದಶಕದ ಮಧ್ಯದಲ್ಲಿ ಅಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಮಹಿಳೆಯರು ಸುಮಾರು ಶೇ. 37. 2010ರ ಹೊತ್ತಿಗೆ ಅದು ಶೇ. 18ರ ಆಸುಪಾಸಿಗೆ ಇಳಿಯಿತು. ಇಪ್ಪತ್ತೈದು ವರ್ಷದಲ್ಲಿ ಮೆದುಳಿನ ರಚನೆ ಬದಲಾಗುವುದಿಲ್ಲ. ಬದಲಾದದ್ದು ಬೇರೆ.

ಹಾಗಾದರೆ ಕಾರಣವೇನು?

ಸಂಶೋಧಕರು ಮುಂದಿಡುವ ಒಂದು ಕಾರಣ ಮನೆಯ ಕಂಪ್ಯೂಟರ್. 1980ರ ದಶಕದಲ್ಲಿ ಅದನ್ನು ಹುಡುಗರ ಆಟದ ಸಾಮಾನಿನಂತೆ ಮಾರಲಾಯಿತು. ಮನೆಯಲ್ಲೇ ಕೈ ಪಳಗಿಸಿಕೊಂಡ ಹುಡುಗರು ಕಾಲೇಜಿಗೆ ಬಂದಾಗ, ಪಾಠವೂ ಅವರ ವೇಗಕ್ಕೇ ಓಡಿತು. ಅಲ್ಲೇ ಮೊದಲ ಬಾರಿ ಕೀಬೋರ್ಡ್ ಮುಟ್ಟಿದ ಹುಡುಗಿಯರು ‘ಇದು ನಮ್ಮಿಂದಾಗದು’ ಎಂದುಕೊಂಡರು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಇದನ್ನು ಗಮನಿಸಿ, ಪ್ರವೇಶಕ್ಕೆ ಪ್ರೋಗ್ರಾಮಿಂಗ್‌ನ ಹಿಂದಿನ ಅನುಭವಕ್ಕೆ ಕೊಡುತ್ತಿದ್ದ ಮಹತ್ವ ತಗ್ಗಿಸಿತು. ಹೊಸಬರಿಗೆ ಬೇರೆ ಆರಂಭಿಕ ತರಗತಿ ತೆರೆಯಿತು. 1995ರಲ್ಲಿ ಅಲ್ಲಿ ಈ ವಿಷಯಕ್ಕೆ ಸೇರಿದವರಲ್ಲಿ ಶೇ. 7ರಷ್ಟಿದ್ದ ಹುಡುಗಿಯರು 2000ದಲ್ಲಿ ಶೇ. 42 ಆದರು.

ಗಂಡು-ಹೆಣ್ಣಿನ ಆಸಕ್ತಿಯಲ್ಲಿ ಸರಾಸರಿ ವ್ಯತ್ಯಾಸ ಕಂಡ ಅಧ್ಯಯನಗಳೂ ಇವೆ. ಆದರೆ ಆಸಕ್ತಿ ಬೇರೆ, ಸಾಮರ್ಥ್ಯ ಬೇರೆ. ಆಸಕ್ತಿ ಬೆಳೆಯುವುದು ಕೈಗೆ ಏನು ಸಿಕ್ಕಿತು ಎಂಬುದರ ಮೇಲೂ ನಿಂತಿದೆ.

ನಮ್ಮಲ್ಲಿ?

ಭಾರತದ ಕಂಪ್ಯೂಟರ್ ಕೋರ್ಸುಗಳಲ್ಲಿ ಹುಡುಗಿಯರ ಪಾಲು ಅಮೆರಿಕಕ್ಕಿಂತ ಬಹಳ ಹೆಚ್ಚು. ಮಲೇಷ್ಯಾದಲ್ಲಿ ಹೆಚ್ಚುಕಡಿಮೆ ಅರ್ಧ. ಬಿಸಿಲು-ಧೂಳಿಲ್ಲದ, ಕುಳಿತು ಮಾಡುವ ಕೆಲಸವೆಂದು ಇಲ್ಲಿನ ಪೋಷಕರೇ ಮಗಳನ್ನು ಸೇರಿಸುತ್ತಾರೆ. ನಮ್ಮಲ್ಲಿ ಅಂತರ ದೊಡ್ಡದಾಗುವುದು ಆಮೇಲೆ: ಮದುವೆ, ಹೆರಿಗೆ, ಮನೆಯ ಹೊಣೆಯ ನಡುವೆ ಕೆಲಸ ಬಿಡುವವರು ಹೆಚ್ಚು. ಹಾಗಾಗಿ ಮೇಲಿನ ಹುದ್ದೆಗಳಲ್ಲಿ ಮಹಿಳೆಯರು ಕಡಿಮೆ.

ನಮ್ಮ ತೀರ್ಮಾನ

ಸಂದೇಶ ದಾರಿ ತಪ್ಪಿಸುವಂಥದ್ದು. ಪಿಯುಸಿ ಮುಗಿಸಿ ಕೋರ್ಸ್ ಆರಿಸುತ್ತಿರುವ ಹುಡುಗಿಯೊಬ್ಬಳು ನಿಮ್ಮ ಗುಂಪಿನಲ್ಲೂ ಇರಬಹುದು. ಫಾರ್ವರ್ಡ್ ಮಾಡುವ ಮುನ್ನ ಅವಳನ್ನು ನೆನೆಯಿರಿ.