ಮಾರಿಯಾನೊ, ಚಾರ್ಲಿ (1923–2009)

ಚಾರ್ಲಿ ಮಾರಿಯಾನೊ ಅಮೆರಿಕದ ಜಾಝ್ ಸಂಗೀತಗಾರರು, ಸಂಗೀತ ಶಿಕ್ಷಕರು ಮತ್ತು ಆಲ್ಟೊ ಹಾಗೂ ಸೊಪ್ರಾನೊ ಸ್ಯಾಕ್ಸೊಫೋನ್ ವಾದನಕ್ಕೆ ಹೆಸರಾದವರು. ಜಪಾನ್, ಮಲೇಷ್ಯಾ, ಭಾರತ ಹಾಗೂ ಯುರೋಪಿನಲ್ಲಿ ಸಂಚರಿಸಿದ ಇವರು ಅಲ್ಲಲ್ಲಿನ ಸಂಗೀತವನ್ನು ಕೇವಲ ಅಲಂಕಾರವಾಗಿ ಬಳಸದೆ ಶಿಷ್ಯಭಾವದಿಂದ ಕಲಿತದ್ದು ಇವರ ವೃತ್ತಿಜೀವನದ ಮುಖ್ಯ ಲಕ್ಷಣವಾಗಿದೆ.

1923ರ ನವೆಂಬರ್ 12ರಂದು ಬಾಸ್ಟನ್ ನಗರದಲ್ಲಿ ಇಟಲಿಯಿಂದ ವಲಸೆ ಬಂದ ದಂಪತಿಗಳಿಗೆ ಜನಿಸಿದ ಮಾರಿಯಾನೊ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ವಾದ್ಯವೃಂದದಲ್ಲಿ ನುಡಿಸಿ, ಅನಂತರ ಮುಂದೆ ಬರ್ಕ್ಲಿ ಎಂದು ಪ್ರಸಿದ್ಧವಾದ ಬಾಸ್ಟನ್ನಿನ ಸಂಗೀತ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ತೀವ್ರ ಗತಿಗೂ ಜಟಿಲವಾದ ಸ್ವರಮೇಳಗಳಿಗೂ ಹೆಸರಾದ ಬೀಬಾಪ್ ಶೈಲಿಯ ಪ್ರವರ್ತಕ ಚಾರ್ಲಿ ಪಾರ್ಕರ್ ಅವರ ಪ್ರಭಾವ ಇವರ ಆರಂಭದ ವಾದನದಲ್ಲಿ ಸ್ಪಷ್ಟವಾಗಿದೆ. 1953ರಲ್ಲಿ ಸ್ಟಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದವನ್ನು ಸೇರಿದ ಇವರು ಬಳಿಕ ಡ್ರಮ್ ವಾದಕ ಶೆಲಿ ಮ್ಯಾನ್ ಅವರ ತಂಡದಲ್ಲಿ ನುಡಿಸಿದರು. 1959ರಲ್ಲಿ ಜಪಾನಿನ ಪಿಯಾನೊ ವಾದಕಿ ತೊಷಿಕೊ ಅಕಿಯೊಷಿ ಅವರನ್ನು ವಿವಾಹವಾಗಿ, ಅವರೊಡನೆ ನಾಲ್ವರ ತಂಡವನ್ನು ಕಟ್ಟಿದರು. ಈ ದಾಂಪತ್ಯ ಮುಂದೆ ವಿಚ್ಛೇದನದಲ್ಲಿ ಕೊನೆಗೊಂಡಿತು. ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ ಧ್ವನಿಮುದ್ರಿಕೆಯಲ್ಲಿನ ಇವರ ಆರ್ತವಾದ ಆಲ್ಟೊ ವಾದನ ವಿಶೇಷ ಮನ್ನಣೆ ಪಡೆಯಿತು.

1960ರ ದಶಕದಲ್ಲಿ ತಾವು ಓದಿದ ಬರ್ಕ್ಲಿಯಲ್ಲೇ ಬೋಧಕರಾಗಿದ್ದ ಮಾರಿಯಾನೊ, ಅದೇ ದಶಕದಲ್ಲಿ ಮಲೇಷ್ಯಾದ ರೇಡಿಯೊ ವಾದ್ಯವೃಂದದೊಡನೆ ಕೆಲಸ ಮಾಡಲು ಕೌಲಾಲಂಪುರಕ್ಕೆ ತೆರಳಿದಾಗ ದಕ್ಷಿಣ ಭಾರತದ ನಾಗಸ್ವರದ ಪರಿಚಯವಾಯಿತು. ಸ್ಯಾಕ್ಸೊಫೋನಿನಲ್ಲಿ ಒಂಟಿ ಪೀಪಿಯೂ ರಂಧ್ರಗಳನ್ನು ಮುಚ್ಚಿ ತೆರೆಯುವ ಕೀಲಿಗಳೂ ಇದ್ದರೆ, ಜೋಡಿ ಪೀಪಿಯ ನಾಗಸ್ವರದಲ್ಲಿ ಕೀಲಿಗಳಿಲ್ಲದೆ ಉಸಿರು, ತುಟಿ ಹಾಗೂ ಬೆರಳುಗಳ ಹದದಿಂದಲೇ ಗಮಕಗಳನ್ನು ಮೂಡಿಸಬೇಕಾಗುತ್ತದೆ. ಬೋಧಕರಾಗಿ ಹೆಸರು ಗಳಿಸಿದ್ದರೂ ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದ ಇವರು ಮುಂದೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರದ ಅಭ್ಯಾಸವನ್ನು ಮುಂದುವರಿಸಿದರು.

1970ರ ದಶಕದಿಂದ ಯುರೋಪಿನಲ್ಲಿ ನೆಲೆಸಿದ ಮಾರಿಯಾನೊ, ಜಾಝ್ ಮತ್ತು ರಾಕ್ ಶೈಲಿಗಳನ್ನು ಬೆಸೆದ ಪೋರ್ಕ್ ಪೈ, ಯುನೈಟೆಡ್ ಜಾಝ್ ಅಂಡ್ ರಾಕ್ ಆನ್ಸಾಂಬಲ್ ಮೊದಲಾದ ತಂಡಗಳಲ್ಲಿಯೂ ಜರ್ಮನಿಯ ಬಾಸ್ ವಾದಕ ಎಬರ್‌ಹಾರ್ಡ್ ವೇಬರ್ ಅವರ ತಂಡದಲ್ಲಿಯೂ ನುಡಿಸಿದರು. ವೇಬರ್ ಅವರ ‘ಯೆಲ್ಲೊ ಫೀಲ್ಡ್ಸ್’ ಧ್ವನಿಮುದ್ರಿಕೆಯಲ್ಲಿ ಇವರ ಸೊಪ್ರಾನೊ ಸ್ಯಾಕ್ಸೊಫೋನಿನೊಡನೆ ನಾಗಸ್ವರವೂ ಕೇಳಿಬರುತ್ತದೆ.

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಮಾರಿಯಾನೊ ನಡೆಸಿದ ಸಹವಾದನ ಕರ್ನಾಟಕಕ್ಕೆ ವಿಶೇಷ ಮಹತ್ತ್ವದ್ದಾಗಿದೆ. 1983ರಲ್ಲಿ ಜರ್ಮನಿಯಲ್ಲಿ ಮುದ್ರಿತವಾದ ‘ಜ್ಯೋತಿ’ ಧ್ವನಿಮುದ್ರಿಕೆಯಲ್ಲಿ ಆರ್.ಎ. ರಮಾಮಣಿ ಅವರ ಗಾಯನ ಹಾಗೂ ಮೃದಂಗ, ಘಟ, ಖಂಜಿರಗಳ ಜತೆ ಇವರ ಸ್ಯಾಕ್ಸೊಫೋನ್ ಸೇರಿದೆ. ಜಾಝಿನ ಏಕವ್ಯಕ್ತಿ ವಾದನ ಸಾಮಾನ್ಯವಾಗಿ ಆವರ್ತನಗೊಳ್ಳುವ ಸ್ವರಮೇಳಗಳ ಚೌಕಟ್ಟನ್ನು ಆಧರಿಸಿದರೆ, ಇಲ್ಲಿ ಆ ಆಸರೆಯನ್ನು ಬಿಟ್ಟು ರಾಗ ಮತ್ತು ತಾಳಗಳ ಕಟ್ಟಿನೊಳಗೆ ಮನೋಧರ್ಮವನ್ನು ವಿಸ್ತರಿಸಬೇಕಾಗಿತ್ತು. ಅದನ್ನು ಇವರು ತಮ್ಮ ನಾದದ ಸ್ವಂತಿಕೆಯನ್ನು ಕಳೆದುಕೊಳ್ಳದೆ ಸಾಧಿಸಿದರು.

ಮಾರಿಯಾನೊ 2009ರ ಜೂನ್ 16ರಂದು ಜರ್ಮನಿಯ ಕಲೋನ್ ನಗರದಲ್ಲಿ ನಿಧನರಾದರು. ಎರಡು ಪರಂಪರೆಗಳ ಮಿಲನಕ್ಕೆ ಕುತೂಹಲವಷ್ಟೇ ಸಾಲದು, ಪರಸ್ಪರರ ಶಾಸ್ತ್ರದಲ್ಲಿ ದೀರ್ಘ ಪರಿಶ್ರಮವೂ ಬೇಕು ಎಂಬುದಕ್ಕೆ ಇವರ ಧ್ವನಿಮುದ್ರಿಕೆಗಳು ಸಮರ್ಥ ನಿದರ್ಶನಗಳಾಗಿವೆ.