ಭತ್ತದ ಎತ್ತರದ ಚರಿತ್ರೆ

ಭತ್ತದ ಗಿಡದ ಎತ್ತರವನ್ನು ನಿರ್ಧರಿಸುವ ಅಂಶಗಳಲ್ಲಿ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ಮುಖ್ಯವಾದುದು. ಗೆಣ್ಣಿನಿಂದ ಗೆಣ್ಣಿಗೆ ಇರುವ ಕಾಂಡದ ಭಾಗವನ್ನು ನೀಳವಾಗಿಸುವ ಈ ಹಾರ್ಮೋನು ಗಿಡದೊಳಗೆ ಎಷ್ಟು ತಯಾರಾಗಬೇಕೆಂಬುದನ್ನು ಕಿಣ್ವಗಳು, ಎಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು, ಹಿಡಿತದಲ್ಲಿಡುತ್ತವೆ. ಅವುಗಳಲ್ಲೊಂದಾದ ಜಿಬ್ಬರೆಲಿನ್ 20-ಆಕ್ಸಿಡೇಸ್ ಕುಂಠಿತವಾಗಿದ್ದ ಗಿಡಗಳನ್ನು ಬೇಸಾಯಗಾರರೂ ತಳಿ ತಜ್ಞರೂ ಕಿಣ್ವದ ಹೆಸರನ್ನೇ ಕೇಳದೆ ಆಯ್ದುಕೊಂಡರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಏಷ್ಯಾದ ಅನ್ನದ ಬಟ್ಟಲನ್ನು ತುಂಬಿದ್ದು ಬಹುಮಟ್ಟಿಗೆ ಆ ಆಯ್ಕೆಯೇ.

ಹಾರ್ಮೋನಿನ ಪರಿಚಯವಾದದ್ದು ಒಂದು ರೋಗದ ಮೂಲಕ. ಸಸಿಗಳು ವಿಪರೀತ ಉದ್ದ ಬೆಳೆದು, ಬಿಳಿಚಿಕೊಂಡು, ಕಾಳು ಕಟ್ಟದೆ ಸಾಯುತ್ತಿದ್ದ ರೋಗವನ್ನು ಜಪಾನಿನ ರೈತರು ‘ಬಕಾನೆ’, ಅಂದರೆ ದಡ್ಡ ಸಸಿ, ಎಂದು ಕರೆಯುತ್ತಿದ್ದರು. ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ಎಯಿಚಿ ಕುರೊಸಾವಾ 1926ರಲ್ಲಿ ರೋಗಕಾರಕ ಶಿಲೀಂಧ್ರವನ್ನು ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದ ಆ ದ್ರವದಿಂದಲೂ ಸಸಿಗಳು ನೀಳವಾಗುವುದನ್ನು ತೋರಿಸಿದರು; 1935ರಲ್ಲಿ ತೇಜಿರೊ ಯಬುತಾ ಅದರಲ್ಲಿದ್ದ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಆರೋಗ್ಯವಂತ ಗಿಡವೂ ಅದನ್ನು ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು.

ಹಳೆಯ ಎತ್ತರದ ತಳಿಗಳ ಕಷ್ಟ ಬೇರೆ ಬಗೆಯದು. ಗೊಬ್ಬರ ಹೆಚ್ಚು ಹಾಕಿದರೆ ಕಾಂಡ ಇನ್ನಷ್ಟು ನೀಳವಾಗಿ, ತೆನೆಯ ಭಾರಕ್ಕೋ ಗಾಳಿಮಳೆಗೋ ಪೈರು ನೆಲಕ್ಕೊರಗಿ ಕಾಳು ಹಾಳಾಗುತ್ತಿತ್ತು. ತೈವಾನಿನಲ್ಲಿದ್ದ ಡೀ-ಜಿಯೊ-ವೂ-ಜೆನ್ ಎಂಬ ಗಿಡ್ಡ ತಳಿ, ಹೆಸರಿನಲ್ಲೇ ಗಿಡ್ಡ ಕಾಲು ಮತ್ತು ಕಪ್ಪು ಮೊನೆಯ ಸೂಚನೆಯುಳ್ಳದ್ದು, ಈ ತೊಡಕಿಗೆ ಉತ್ತರವಾಯಿತು. ಅದರಿಂದ 1956ರಲ್ಲಿ ತೈಚುಂಗ್ ನೇಟಿವ್-1 ಹೊರಬಂದಿತು. ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಜೆನ್ನಿಂಗ್ಸ್ 1962ರಲ್ಲಿ ಅದೇ ಗಿಡ್ಡ ತಳಿಯನ್ನು ಇಂಡೋನೇಷ್ಯಾದ ಎತ್ತರದ ಪೇಟಾ ತಳಿಯೊಂದಿಗೆ ಸಂಕರ ಮಾಡಿದಾಗ ಮೊದಲ ಪೀಳಿಗೆಯೆಲ್ಲ ಎತ್ತರವಾಯಿತು, ಎರಡನೆಯದರಲ್ಲಿ ಸುಮಾರು ಕಾಲುಭಾಗ ಗಿಡ್ಡವಾಯಿತು. ಒಂದೇ ಜೀನು ಈ ಗುಣದ ಹಿಂದಿದೆ ಎಂಬುದಕ್ಕೆ ಆ ಲೆಕ್ಕವೇ ಸಾಕ್ಷಿ ನುಡಿಯಿತು. ಆ ಸಂಕರದಿಂದ ಹುಟ್ಟಿ 1966ರಲ್ಲಿ ಬಿಡುಗಡೆಯಾದ ಐಆರ್-8 ತಳಿ ಸುಮಾರು ಒಂದು ಮೀಟರ್ ಎತ್ತರದ ಗಟ್ಟಿ ಕಾಂಡದ ಮೇಲೆ ತುಂಬು ತೆನೆಯನ್ನು ಹೊತ್ತು ನಿಂತಿತು.

ಭಾರತದಲ್ಲಿ ತೈಚುಂಗ್ ನೇಟಿವ್-1 ಮತ್ತು ಟಿ-141 ತಳಿಗಳ ಸಂಕರದಿಂದ 1968ರಲ್ಲಿ ಬಂದ ‘ಜಯ’ ಕರ್ನಾಟಕದ ಗದ್ದೆಗಳಲ್ಲೂ ನೆಲೆಯೂರಿತು. ಇಳುವರಿ ಹೆಚ್ಚಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ರಾಜಮುಡಿ, ರತ್ನಚೂಡಿಗಳಂಥ ಹಳೆಯ ಭತ್ತಗಳು ಹಿಂದೆ ಸರಿದವು, ಮತ್ತು ಅನ್ನದ ಜೊತೆಗೆ ದನಗಳ ಮೇವನ್ನೂ ಗದ್ದೆಯಿಂದಲೇ ಎದುರುನೋಡುತ್ತಿದ್ದ ಒಕ್ಕಲು ಮನೆಗೆ ಕಾಂಡದ ಉದ್ದ ಕೂಡ ಒಂದು ಫಸಲೇ ಆಗಿತ್ತು ಎಂಬುದನ್ನು ಇಳುವರಿಯ ಕೋಷ್ಟಕಗಳಷ್ಟನ್ನೇ ನೋಡುವ ಚರಿತ್ರೆ ಮರೆಯುತ್ತದೆ.

ಗಿಡ್ಡತನದ ಗುಟ್ಟು ಬಯಲಾದದ್ದು 2002ರಲ್ಲಿ. ಡೀ-ಜಿಯೊ-ವೂ-ಜೆನ್ ತಳಿಯ ಎಸ್‌ಡಿ1 ಜೀನಿನಲ್ಲಿ 383 ಡಿಎನ್‌ಎ ಅಕ್ಷರಗಳು ಅಳಿಸಿಹೋಗಿದ್ದುದರಿಂದ, ಅದು ರೂಪಿಸಬೇಕಾದ 20-ಆಕ್ಸಿಡೇಸ್ ಕೆಲಸಕ್ಕೆ ಬಾರದಾಗಿ, ಜಿಬ್ಬರೆಲಿನ್ ತಯಾರಿಕೆಯ ಸರಪಳಿ ಸಡಿಲಗೊಂಡಿತ್ತು. ಇದೇ ಬಗೆಯ ಇನ್ನೊಂದು ಕಿಣ್ವ ಹೂಗಳಲ್ಲಿ ಕೆಲಸ ಮಾಡುತ್ತಿದ್ದುದರಿಂದ ಕಾಳು ಕಟ್ಟುವುದಕ್ಕೆ ಅಡ್ಡಿಯಾಗಲಿಲ್ಲ. ಬೇಸಾಯಕ್ಕೆ ಒದಗಿದ ದೊಡ್ಡ ಅನುಕೂಲವಿದು. ಗಾಮಾ ಕಿರಣಗಳಿಂದ ಜಪಾನಿನಲ್ಲಿ ಪಡೆದ ರೇಮೇ, ಕ್ಯಾಲಿಫೋರ್ನಿಯಾದಲ್ಲಿ ಪಡೆದ ಕ್ಯಾಲ್‌ರೋಸ್-76 ತಳಿಗಳೂ ಇದೇ ಜೀನಿನ ಬೇರೆ ಬೇರೆ ದೋಷಗಳಿಂದಲೇ ಗಿಡ್ಡವಾದವುಗಳೆಂಬುದು ವಿಸ್ಮಯಕರ: ತಂತಮ್ಮ ದಾರಿಯಲ್ಲಿ ನಡೆದು ಎಲ್ಲರೂ ಒಂದೇ ಬಾಗಿಲಿಗೆ ಬಂದಿದ್ದರು.

ಬಾಂಗ್ಲಾದೇಶದ ನೆರೆಭೂಮಿಯಲ್ಲಿ ಮಾತ್ರ ಈ ಆಯ್ಕೆ ತಲೆಕೆಳಗಾಗಿತ್ತು. ನೀರು ಏರಿದಂತೆ ತಾನೂ ಏರಿ ತೆನೆಯನ್ನು ನೀರಿನ ಮೇಲಿಡುವ ಆಳನೀರಿನ ಭತ್ತದಲ್ಲಿ ಇದೇ ಎಸ್‌ಡಿ1 ಜೀನು ಮುಳುಗಡೆಯ ಹೊತ್ತಿನಲ್ಲಿ ಚುರುಕಾಗಿ, ಹೇರಳವಾಗಿ ಕಿಣ್ವವನ್ನು ತಯಾರಿಸುತ್ತದೆಂದು 2018ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಕೊಂಡರು. ಅಲ್ಲಿನ ರೈತರು ಆ ಭತ್ತವನ್ನು ಈ ಶೋಧಕ್ಕೆ ಬಹು ಹಿಂದಿನಿಂದಲೂ ತಮ್ಮ ಬೀಜದ ಕಣಜದಲ್ಲಿ ಕಾಪಿಟ್ಟುಕೊಂಡು ಬಂದಿದ್ದರು.